ಮಲೆನಾಡಿನ ಮಳೆಯಲ್ಲಿ ಒಂದು ರಾತ್ರಿಗೆ ಟಾರ್ಪಾಲಿನ ಬಿಡಾರ

ಟಾರ್ಪಾಲಿನಡಿ ಮಲಗಿದವರು ನೆನೆಯುವುದು ಹೆಚ್ಚಾಗಿ ಮೇಲಿಂದ ಬೀಳುವ ನೀರಿಗಲ್ಲ. ನೆಲದಲ್ಲಿ ಹರಿದು ಬರುವ, ಹಗ್ಗ ಹಿಡಿದು ಇಳಿಯುವ ನೀರಿಗೆ. ಆದ್ದರಿಂದ ಜಾಗ ಹುಡುಕುವುದೇ ಅರ್ಧ ಕೆಲಸ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಊರಂಚಿನ ಬ್ಯಾಣವೋ (ಹುಲ್ಲುಗಾವಲು) ತೋಟದ ಮೇಲಿನ ದಿಬ್ಬವೋ ಆದರೆ ಮಾಲೀಕರನ್ನು ಕೇಳಿಕೊಳ್ಳಿ. ಹಳ್ಳದ ದಡ ಬೇಡವೇ ಬೇಡ: ನೀವಿದ್ದಲ್ಲಿ ಹನಿ ಬೀಳದಿದ್ದರೂ ಮೇಲೆ ಘಟ್ಟದಲ್ಲಿ ಸುರಿದರೆ ಹಳ್ಳ ಉಕ್ಕುತ್ತದೆ. ತರಗೆಲೆ, ಕಡ್ಡಿ ಎಲ್ಲ ಕಲ್ಲುಗಳ ಒಂದೇ ಮಗ್ಗುಲಿಗೆ ಒತ್ತಿಕೊಂಡಿದ್ದರೆ ಅದು ನೀರಿನ ದಾರಿ. ತಲೆ ಎತ್ತಿಯೂ ನೋಡಿ. ಒಣಕೊಂಬೆ ನೇತಾಡುವ ಮರದಡಿ ಮಲಗಬಾರದು.

ಇಬ್ಬರಿಗೆ 12×9 ಅಡಿಯ ಟಾರ್ಪಾಲು, 30 ಅಡಿ ಗಟ್ಟಿ ನೈಲಾನ್ ಹಗ್ಗ, ಐದಡಿಯ ಆರು ತೆಳು ಹಗ್ಗ, ಒಂದೂವರೆ ಅಡಿಯ ಆರು ಗೂಟ ಸಾಕು. ಸುಮಾರು 15 ಅಡಿ ಅಂತರದ ಎರಡು ಮರಗಳಿಗೆ ಹಗ್ಗವನ್ನು ಬಿಗಿಯಾಗಿ, ನೆಲದಿಂದ ಮೂರೇ ಅಡಿ ಎತ್ತರದಲ್ಲಿ ಕಟ್ಟಿ. ಟಾರ್ಪಾಲಿನ 12 ಅಡಿ ಉದ್ದ ಹಗ್ಗದ ಗುಂಟ ಬರಲಿ, ಎರಡೂ ಕಡೆ ನಾಲ್ಕೂವರೆ ಅಡಿ ಇಳಿಯಲಿ. ಆಗ ಒಳಗೆ ಸುಮಾರು ಆರೂವರೆ ಅಡಿ ಅಗಲ ಸಿಗುತ್ತದೆ. ಕೂರಲು ಅನುಕೂಲವೆಂದು ಹಗ್ಗವನ್ನು ನಾಲ್ಕಡಿಗೆ ಏರಿಸಿದರೆ ಅಗಲ ನಾಲ್ಕಡಿಗೆ ಕುಗ್ಗುತ್ತದೆ, ಎರಚಲು ಒಳಗೆ ಹೊಡೆಯುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಇಳಿಬಿಟ್ಟ ಮಗ್ಗುಲು ಆ ಕಡೆಗಿರಲಿ, ತೆರೆದ ಬಾಯಿ ಬೇಡ.

ಗೂಟಗಳ ತಲೆ ಬಿಡಾರದಿಂದ ಹೊರಕ್ಕೆ ಓರೆಯಾಗುವಂತೆ ಹೊಡೆಯಿರಿ. ಅಂಚಿನ ತೂತು ಕಿತ್ತುಹೋಗಿದ್ದರೆ ನಿಂಬೆಗಾತ್ರದ ನುಣುಪು ಕಲ್ಲನ್ನು ಟಾರ್ಪಾಲಿನ ಒಳಮಗ್ಗುಲಿಗಿಟ್ಟು, ಹೊರಗಿನಿಂದ ಅದರ ಕುತ್ತಿಗೆಗೆ ಹಗ್ಗ ಸುತ್ತಿ ಜೀರುಗುಣಿಕೆ ಹಾಕಿ, ಎಳೆದಷ್ಟೂ ಬಿಗಿಯುತ್ತದೆ. ನೆನೆದ ನೈಲಾನ್ ಹಿಗ್ಗುತ್ತದೆ, ಮಳೆ ಹಿಡಿದ ಅರ್ಧ ಗಂಟೆಗೆ ಮತ್ತೊಮ್ಮೆ ಬಿಗಿ ಮಾಡಬೇಕು. ಮರದಿಂದ ಹಗ್ಗದ ಮೇಲೆ ಜಾರಿ ಬರುವ ನೀರನ್ನು ತಡೆಯಲು, ಟಾರ್ಪಾಲಿಗೆ ಒಂದು ಗೇಣು ಹೊರಗೆ ಎರಡೂ ತುದಿಯಲ್ಲಿ ಹಗ್ಗಕ್ಕೆ ಬಟ್ಟೆಚೂರು ಕಟ್ಟಿ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಇಳಿಜಾರಿನ ಮೇಲ್ಗಡೆ ನಾಲ್ಕು ಬೆರಳು ಆಳದ ಕಾಲುವೆ ತೆಗೆದು ಪಕ್ಕಕ್ಕೆ ಹರಿಯಬಿಡಿ. ಬೆಳಿಗ್ಗೆ ಹೊರಡುವ ಮುಂಚೆ ಮುಚ್ಚಿ. ನೆಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ ಮೇಲಿನ ಟಾರ್ಪಾಲಿನ ಅಂಚಿಗಿಂತ ಒಳಗಿರಬೇಕು. ಒಂದು ಗೇಣು ಹೊರಚಾಚಿದರೂ ಮಳೆನೀರನ್ನು ಹಿಡಿದು ನಿಮ್ಮ ಬೆನ್ನಡಿಗೆ ತರುತ್ತದೆ. ಅದರ ಮೇಲೆ ಒಣಹುಲ್ಲನ್ನು ಮೈಭಾರಕ್ಕೆ ಕುಗ್ಗಿದ ಮೇಲೂ ನಾಲ್ಕು ಬೆರಳು ಉಳಿಯುವಷ್ಟು ಹಾಸಿ, ಯಾಕೆಂದರೆ ತಣ್ಣನೆಯ ನೆಲ ಮೈಬಿಸಿಯನ್ನು ಹೀರುತ್ತದೆ. ಚಳಿಯೆಂದು ಟಾರ್ಪಾಲಿನಡಿ ಬೆಂಕಿ ಹಾಕಬೇಡಿ. ಪ್ಲಾಸ್ಟಿಕ್ ಕರಗಿ ಮೈಮೇಲೆ ಬೀಳುತ್ತದೆ, ಹೊಗೆ ಉಸಿರುಗಟ್ಟಿಸುತ್ತದೆ. ಉಂಬಳಕ್ಕೆ (ಕಾಡಿನ ಜಿಗಣೆಗೆ) ಉಪ್ಪಿನ ಪೊಟ್ಟಣ ತಲೆದಿಂಬಿನ ಹತ್ತಿರವೇ ಇರಲಿ.