ಮೊದಲು ತಿರುಗಿಸಿ ನೋಡಿ: ದೊಡ್ಡಪ್ಪನ ಸ್ಟಾಂಪ್‌ಗಳಿಗೆ ಬೆಲೆ ಕಟ್ಟಿದ ಅನುಭವ

ದೊಡ್ಡಪ್ಪ ತೀರಿಕೊಂಡು ವರ್ಷ ಕಳೆದ ಮೇಲೆ ದೊಡ್ಡಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿದರು. "ಅವರ ಸ್ಟಾಂಪ್ ಪೆಟ್ಟಿಗೆ ಅಟ್ಟದ ಮೇಲೆ ಹಾಗೇ ಇದೆ, ಏನಾದ್ರೂ ಬೆಲೆ ಬರುತ್ತಾ ನೋಡೋ." ನಾನು ಹತ್ತು ವರ್ಷದಿಂದ ಸ್ಟಾಂಪ್ ಕೂಡಿಡುತ್ತಿದ್ದೇನೆ. ಆದರೆ ನನ್ನದಕ್ಕೆ ಬೆಲೆ ಕಟ್ಟೋದು ಬೇರೆ, ಇನ್ನೊಬ್ಬರ ದುಡ್ಡಿನ ವಿಷಯದಲ್ಲಿ ಬಾಯಿ ಬಿಟ್ಟು ಒಂದು ಸಂಖ್ಯೆ ಹೇಳೋದು ಬೇರೆ. ತಪ್ಪು ಹೇಳಿದರೆ ನಷ್ಟ ದೊಡ್ಡಮ್ಮನಿಗೆ, ಅಲ್ವಾ?

ಪೆಟ್ಟಿಗೆಯಲ್ಲಿ ಮೂರು ಆಲ್ಬಂ, ಒಂದು ಚಪ್ಪಲಿ ಡಬ್ಬಿ ತುಂಬ ಹಳೆಯ ಕವರ್‌ಗಳು. ಆಲ್ಬಂ ತೆರೆದ ತಕ್ಷಣ ಕಂಡದ್ದು ಮಲೆನಾಡಿನ ಮಳೆಗಾಲದ ಗುರುತು. ಸ್ಟಾಂಪಿನ ಹಲ್ಲುಗಳ ತುದಿಯಲ್ಲಿ ಸಣ್ಣ ಸಣ್ಣ ಕಂದು ಚುಕ್ಕೆ. ಇದಕ್ಕೆ ನಾವು ತುಕ್ಕು ಹಿಡಿದಿದೆ ಅಂತೀವಿ. ತೇವ ಕುಡಿದ ಕಾಗದದಲ್ಲಿ, ಅಂಟಿನಲ್ಲಿ ಬರುವ ಬೂಸ್ಟು ಅದು. ಒಂದು ಸ್ಟಾಂಪಿಂದ ಪಕ್ಕದ್ದಕ್ಕೆ ಹರಡುತ್ತೆ. ಹಾಗಾಗಿ ಬೆಲೆಯ ಯೋಚನೆ ಬಿಟ್ಟು ಮೊದಲು ಚಿಮಟದಲ್ಲಿ ಒಂದೊಂದನ್ನೇ ಎತ್ತಿ, ಚುಕ್ಕೆ ಇದ್ದವನ್ನೆಲ್ಲ ಬೇರೆ ಪುಸ್ತಕಕ್ಕೆ ಹಾಕಿದೆ. ಅಷ್ಟಕ್ಕೇ ಎರಡು ಭಾನುವಾರ ಹೋಯಿತು. ಬ್ಲೀಚ್ ಹಾಕಿ ಬೆಳ್ಳಗೆ ಮಾಡೋರು ಇದ್ದಾರೆ. ದಯವಿಟ್ಟು ಮಾಡಬೇಡಿ, ಬಣ್ಣವೂ ಹೋಗುತ್ತೆ, ಕಾಗದವೂ ಸಾಯುತ್ತೆ.

ಆಮೇಲೆ ನನ್ನ ನಿಜವಾದ ಕೆಲಸ ಶುರುವಾಯಿತು. ಸ್ಟಾಂಪನ್ನು ತಿರುಗಿಸಿ ನೋಡೋದು. ಹೊಸಬರು ಎಲ್ಲರೂ ಚಿತ್ರ ನೋಡ್ತಾರೆ, ಬೆಲೆ ಇರೋದು ಮಾತ್ರ ಹಿಂಬದಿಯಲ್ಲಿ. ಬಳಸದ ಸ್ಟಾಂಪ್ ಆದರೆ ಅಂಟು ಪೂರ್ತಿ ಇದೆಯಾ, ಹಿಂಜ್ ಹಚ್ಚಿದ ಗುರುತು ಇದೆಯಾ ನೋಡಬೇಕು. ದೊಡ್ಡಪ್ಪ ಎಲ್ಲವನ್ನೂ ಹಿಂಜ್‌ನಿಂದಲೇ ಅಂಟಿಸಿದ್ದರು, ಸಣ್ಣ ಮಡಿಸಿದ ಕಾಗದದ ತುಂಡು ಅದು. ಅವರ ಕಾಲದಲ್ಲಿ ಅದೇ ಸರಿಯಾದ ಕ್ರಮ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಇವತ್ತು ಹಿಂಜ್ ಮುಟ್ಟದ ಮಿಂಟ್, ಅಂದರೆ ಬಳಸದ, ಸ್ಟಾಂಪಿಗೂ ಹಿಂಜ್ ಗುರುತಿರುವ ಅದೇ ಸ್ಟಾಂಪಿಗೂ ಬೆಲೆಯಲ್ಲಿ ತುಂಬಾ ಅಂತರ ಇದೆ. ಸ್ವಾತಂತ್ರ್ಯದ ಆಸುಪಾಸಿನ ಭಾರತದ ಸ್ಟಾಂಪ್‌ಗಳಲ್ಲಂತೂ ಇನ್ನೂ ಜಾಸ್ತಿ.

ಈ ಅಂತರ ಇರೋದ್ರಿಂದಲೇ ಮೋಸವೂ ಹುಟ್ಟಿದೆ. ಕೆಲವು ವರ್ಷಗಳ ಹಿಂದೆ 1948ರ ಗಾಂಧಿ ಸ್ಟಾಂಪ್ ಒಂದನ್ನು ಒಬ್ಬ ವ್ಯಾಪಾರಿಯಿಂದ ಕೊಂಡೆ. ಹಸಿರು-ಬೂದು ಬಣ್ಣದ ಹನ್ನೆರಡಾಣೆಯದ್ದು. ಅಂಟು ಹೊಳೆಯುತ್ತಿತ್ತು, ಒಂದು ಗುರುತೂ ಇರಲಿಲ್ಲ, ಖುಷಿಯಿಂದ ಮನೆಗೆ ತಂದೆ. ಒಂದು ತಿಂಗಳು ಬಿಟ್ಟು ಒಬ್ಬ ಹಿರಿಯ ಸಂಗ್ರಾಹಕರು ಅದನ್ನು ಚಿಮಟದಲ್ಲಿ ಹಿಡಿದು, ಅಂಚನ್ನು ತಮ್ಮ ಅಂಗೈ ಹಿಂಬದಿಗೆ ಮೆಲ್ಲಗೆ ಸವರಿಕೊಂಡು, "ಇದಕ್ಕೆ ಮತ್ತೆ ಗಮ್ ಹಚ್ಚಿದ್ದಾರೆ" ಅಂದರು. ನನಗೆ ನಂಬಿಕೆ ಬರಲಿಲ್ಲ. ಭೂತಕನ್ನಡಿ ಕೊಟ್ಟು ಹಲ್ಲಿನ ತುದಿ ನೋಡಿ ಅಂದರು. ಕಾರ್ಖಾನೆಯಲ್ಲಿ ಮೊದಲು ಅಂಟು ಹಚ್ಚಿ ಆಮೇಲೆ ತೂತು ಹೊಡೀತಾರೆ, ಹಾಗಾಗಿ ಹರಿದಾಗ ಹಲ್ಲಿನ ತುದಿಯಲ್ಲಿ ಕಾಗದದ ನಾರು ಒಣಗಿ ಮೆತ್ತಗೆ ಇರುತ್ತೆ. ಆಮೇಲೆ ಅಂಟು ಹಚ್ಚಿದರೆ ಅದು ಆ ನಾರಿಗೂ ಹತ್ತಿ ಗಟ್ಟಿಯಾಗುತ್ತೆ, ಚರ್ಮಕ್ಕೆ ಚುಚ್ಚುತ್ತೆ. ನನ್ನದು ಚುಚ್ಚುತ್ತಿತ್ತು. ದುಡ್ಡು ವಾಪಸ್ ಬರಲಿಲ್ಲ. ಆ ಸ್ಟಾಂಪನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ಅನುಮಾನ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಲು.

ದೊಡ್ಡಪ್ಪನ ಆಲ್ಬಂನಲ್ಲಿ ಅದೇ ಗಾಂಧಿ ಸರಣಿಯ ನಾಲ್ಕೂ ಇದ್ದವು: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ, ಹತ್ತು ರೂಪಾಯಿ. 1948ರ ಆಗಸ್ಟ್ 15ರಂದು ಬಂದವು, ಆಗ ನಮ್ಮ ಸ್ಟಾಂಪ್‌ಗಳು ಅಚ್ಚಾಗುತ್ತಿದ್ದ ನಾಸಿಕ್‌ನಲ್ಲಿ ಅಲ್ಲ, ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಕಂಪನಿಯಲ್ಲಿ ಅಚ್ಚಾದವು. ಹತ್ತು ರೂಪಾಯಿಯದ್ದು ಕಂಡಾಗ ಎದೆ ಹೊಡೆದುಕೊಂಡಿತು, ಯಾಕೆಂದರೆ ನಕಲಿ ಅತಿ ಹೆಚ್ಚು ಇರೋದೂ ಅದಕ್ಕೇ. ಅಸಲಿಯಲ್ಲಿ ಎರಡು ಸೆಂಟಿಮೀಟರಿಗೆ ಹನ್ನೊಂದೂವರೆ ತೂತು ಇರಬೇಕು, ತೂತು ಅಳೆಯುವ ಪಟ್ಟಿ, ಅಂದರೆ ಗೇಜ್, ಇಟ್ಟು ಅಳೆದೆ, ಸರಿಹೋಯಿತು. ಕಾಗದದೊಳಗೇ ಮೂಡಿಸುವ ಗುರುತು, ಅಂದರೆ ವಾಟರ್‌ಮಾರ್ಕ್, ಇರಬಾರದು, ಇರಲಿಲ್ಲ. ಹತ್ತು ಪಟ್ಟು ದೊಡ್ಡದು ಮಾಡುವ ಕನ್ನಡಿಯಲ್ಲಿ ಮುಖ ನೋಡಿದೆ. ಈಗಿನ ಆಫ್‌ಸೆಟ್ ನಕಲಿಯಾದರೆ ನಾಲ್ಕು ಬಣ್ಣದ ಚುಕ್ಕೆಗಳು ಹೂವಿನ ಥರ ಗುಂಪುಗೂಡಿ ಕಾಣುತ್ತವೆ, ಅಸಲಿಯಲ್ಲಿ ಬಣ್ಣ ನಯವಾಗಿ ಇಳಿದಿರುತ್ತೆ. ಇದರ ಮೇಲೆ ಅಂಚೆ ಮುದ್ರೆ ಇತ್ತು, ತಾರೀಕೂ ಹೊಂದುತ್ತಿತ್ತು. ಇದು ಸಣ್ಣ ಪರೀಕ್ಷೆ ಅನ್ಸುತ್ತೆ, ಆದರೆ ಸ್ಟಾಂಪ್ ಬರುವ ಮೊದಲಿನ ತಾರೀಕು ಹೊಡೆದ ನಕಲಿಗಳನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಬೆಳಕಿಗೆ ಹಿಡಿದಾಗ ಗಾಂಧೀಜಿಯ ಭುಜದ ಹತ್ತಿರ ಒಂದು ಕಡೆ ಬೆಳಕು ಜಾಸ್ತಿ ಬಂತು. ಹಿಂಜ್ ಕೀಳುವಾಗ ಕಾಗದದ ಒಂದು ಪದರ ಎದ್ದು ಬಂದಿದೆ. ಇದನ್ನು ಥಿನ್ ಅಂತೀವಿ. ಮುಂದಿನಿಂದ ನೋಡಿದರೆ ಏನೂ ಕಾಣಲ್ಲ, ಬೆಲೆ ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಅನುಮಾನ ಇದ್ದಾಗ ಕಪ್ಪು ತಟ್ಟೆಯಲ್ಲಿ ಮುಖ ಕೆಳಗೆ ಮಾಡಿ ಲೈಟರ್ ಪೆಟ್ರೋಲಿನ ಎರಡು ಹನಿ ಬಿಡೋದು ಹಳೆಯ ಕ್ರಮ, ಥಿನ್, ಒಳಗಿನ ಮಡಿಕೆ, ಅಂಟಿಸಿದ ಹರಕು ಎಲ್ಲ ಕಪ್ಪಾಗಿ ಎದ್ದು ಬರುತ್ತವೆ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡ. ಗಾಂಧಿ ಸರಣಿಯದ್ದು ಗ್ರಾವ್ಯೂರ್ ಅಚ್ಚು, ಅಂದರೆ ತಗ್ಗು ಕೊರೆದ ಅಚ್ಚಿನಿಂದ ಒತ್ತಿದ್ದು. ಈ ಥರದ ಅಚ್ಚಿನ ಕೆಲವು ಶಾಯಿಗಳು ಆ ಪೆಟ್ರೋಲಿನಲ್ಲಿ ಕರಗುತ್ತವೆ, ಹಾಗಾಗಿ ಗಾಂಧಿಗೆ ನಾನು ಆ ಪರೀಕ್ಷೆ ಮಾಡಲಿಲ್ಲ.

ಇನ್ನೊಂದು ಪುಟದಲ್ಲಿ 1854ರ ಅರ್ಧಾಣೆ ನೀಲಿ ಮೂರು ಇದ್ದವು. ಇವಕ್ಕೆ ಹಲ್ಲೇ ಇಲ್ಲ, ಆಗ ಕತ್ತರಿಯಲ್ಲಿ ಕತ್ತರಿಸಿ ಕೊಡುತ್ತಿದ್ದರು. ಇಲ್ಲಿ ನೋಡಬೇಕಾದ್ದು ಅಂಚು. ನಾಲ್ಕೂ ಕಡೆ ಬಿಳಿ ಅಂಚು ಉಳಿದಿದ್ದರೆ ಬೆಲೆ ಒಂದು, ಕತ್ತರಿ ಚಿತ್ರಕ್ಕೆ ತಾಗಿದ್ದರೆ ಬೇರೆಯೇ. ಮೂರರಲ್ಲಿ ಒಂದಕ್ಕೆ ಮಾತ್ರ ನಾಲ್ಕೂ ಅಂಚು ಇತ್ತು. ನೂರೈವತ್ತು ವರ್ಷ ದಾಟಿದೆ ಅಂದ ಮಾತ್ರಕ್ಕೆ ಲಕ್ಷ ಬರಲ್ಲ, ಆಗ ಅವನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದರು.

ಪೆನ್ನಿನ ಗೀಟು ಇರುವ ಹಳೆಯ ಸ್ಟಾಂಪ್‌ಗಳನ್ನೂ ಪಕ್ಕಕ್ಕಿಟ್ಟೆ. 1906ರಿಂದ ಅರ್ಧಾಣೆ, ಒಂದಾಣೆ ಸ್ಟಾಂಪನ್ನೇ ರಸೀದಿಗೂ ಅಂಟಿಸಬಹುದಿತ್ತು. ಪೆನ್ನಿನ ಸಹಿ ಬಿದ್ದಿದ್ದರೆ ಸಾಮಾನ್ಯವಾಗಿ ಅದು ಅಂಚೆಗೆ ಬಳಸಿದ್ದಲ್ಲ, ಬೆಲೆ ಕಡಿಮೆ. ಆ ಗೀಟನ್ನು ತೊಳೆದು ಮಾರುವವರೂ ಇದ್ದಾರೆ, ಅಲ್ಟ್ರಾವಯಲೆಟ್ ಟಾರ್ಚ್ ಹಿಡಿದರೆ ಎಷ್ಟೋ ಸಲ ಹಳೆಯ ಗೆರೆ ತೋರುತ್ತೆ.

ಕೊನೆಗೆ ಕ್ಯಾಟಲಾಗ್, ಅಂದರೆ ಸ್ಟಾಂಪ್‌ಗಳ ಬೆಲೆಪಟ್ಟಿಯ ಪುಸ್ತಕ. ಸ್ಟ್ಯಾನ್ಲಿ ಗಿಬ್ಬನ್ಸ್ ಪುಸ್ತಕದ ಬೆಲೆ ಒಳ್ಳೆ ಸ್ಥಿತಿಯಲ್ಲಿರುವ ಸ್ಟಾಂಪನ್ನು ಅಂಗಡಿಯವರು ಮಾರುವ ಬೆಲೆ. ಅವರು ನಮ್ಮಿಂದ ಕೊಳ್ಳುವ ಬೆಲೆ ಅಲ್ಲ. ಅದನ್ನು ನೋಡಿ ಕೂಡಿಸಿದ ಮೊತ್ತವನ್ನು ದೊಡ್ಡಮ್ಮನಿಗೆ ಹೇಳಿದ್ದರೆ ಸುಮ್ನೆ ಆಸೆ ಹುಟ್ಟಿಸಿದಂತಾಗುತ್ತಿತ್ತು. ಹಾಗಾಗಿ ಅದೇ ಥರದ, ಅಷ್ಟೇ ಊನ ಇರುವ ಸ್ಟಾಂಪ್‌ಗಳು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋದವು ಅಂತ ಹುಡುಕಿ ಬರೆದುಕೊಂಡೆ. 1980ರ ನಂತರದ ಮಿಂಟ್ ಸ್ಟಾಂಪ್‌ಗಳ ಒಂದು ಇಡೀ ಆಲ್ಬಂ ಇತ್ತು, ಅದಕ್ಕೆ ಮುಖಬೆಲೆ ಸಿಕ್ಕರೆ ಹೆಚ್ಚು. ಇದನ್ನು ಹೇಳುವಾಗ ಬೇಜಾರಾಯಿತು, ದೊಡ್ಡಪ್ಪ ಪ್ರತಿಯೊಂದನ್ನೂ ಅಂಚೆ ಕಚೇರಿಗೆ ನಡೆದು ಹೋಗಿ ತಂದಿದ್ದರು.

ಆದರೆ ಚಪ್ಪಲಿ ಡಬ್ಬಿ ಇತ್ತಲ್ಲ, ನಾನು ಕೊನೆಗೆ ಅಂತ ಬಿಟ್ಟದ್ದು ಅದನ್ನೇ. ಮೈಸೂರು ಸೀಮೆಯ ಸಣ್ಣ ಸಣ್ಣ ಊರುಗಳ ಮುದ್ರೆ ಸ್ಪಷ್ಟವಾಗಿ ಬಿದ್ದ ಕವರ್‌ಗಳು, ಕೆಲವು ಹಿಂಬದಿಯಲ್ಲಿ ತಲುಪಿದ ಊರಿನ ಮುದ್ರೆಯೂ ಇರುವಂಥವು. ಸ್ಟಾಂಪ್ ಸಾಮಾನ್ಯದ್ದೇ ಆದರೂ ಕವರ್ ಇಡಿಯಾಗಿ ಇದ್ದರೆ ಬೆಲೆ ಬೇರೆ, ಸ್ಟಾಂಪನ್ನು ನೆನೆಸಿ ಬಿಡಿಸಿದ್ದರೆ ಕವರೂ ಮುದ್ರೆಯೂ ಎರಡೂ ಹೋಗುತ್ತಿತ್ತು. ದೊಡ್ಡಮ್ಮನಿಗೆ ಗಾಂಧಿ ಸರಣಿಗೂ ಅರ್ಧಾಣೆಗೂ ಥಿನ್, ಅಂಚು ಎಲ್ಲ ಲೆಕ್ಕ ಹಾಕಿಯೇ ಬೆಲೆ ಬರೆದುಕೊಟ್ಟೆ, ಹೊಸ ಮಿಂಟ್ ಸ್ಟಾಂಪ್‌ಗಳನ್ನು ಕಾಗದಗಳಿಗೆ ಅಂಟಿಸಿ ಬಳಸಿ ಅಂದೆ, ಡಬ್ಬಿಯನ್ನು ಮಾತ್ರ ಈಗಲೇ ಯಾರಿಗೂ ಕೊಡಬೇಡಿ ಅಂತ ಹೇಳಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೆಂಗಳೂರಿಗೆ ತಂದಿದ್ದೇನೆ. ಅರ್ಧ ಕವರ್ ನೋಡಿ ಮುಗಿದಿದೆ, ಇನ್ನರ್ಧ ಬಾಕಿ.