ಪನೋರಮಾ ತಿದ್ದುವಾಗ ಕ್ಲೋನ್‌ಗಿಂತ ಮೊದಲು ಮಾಸ್ಕ್

ಹಲವು ಫೋಟೋ ಜೋಡಿಸಿದ ಪನೋರಮಾದಲ್ಲಿ ಏನಾದರೂ ಕೆಟ್ಟಿದ್ದು ಕಂಡರೆ ಸಾಮಾನ್ಯವಾಗಿ ಕೈ ಮೊದಲು ಹೋಗುವುದು ಕ್ಲೋನ್ ಸ್ಟ್ಯಾಂಪ್‌ಗೆ, ಅಂದರೆ ಚಿತ್ರದ ಒಂದು ಕಡೆಯದನ್ನು ನಕಲಿಸಿ ಇನ್ನೊಂದು ಕಡೆ ಬಳಿಯುವ ಸಾಧನಕ್ಕೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಪಕ್ಕಪಕ್ಕದ ಫೋಟೋಗಳನ್ನು ನಾವು ಕಾಲು ಭಾಗವೋ, ಅದಕ್ಕಿಂತ ಜಾಸ್ತಿಯೋ ಒಂದರ ಮೇಲೊಂದು ಬರುವಂತೆ ತೆಗೆದಿರುತ್ತೇವೆ, ಅಲ್ವಾ? ಅಂದರೆ ಜೋಡಣೆಯ ಗೆರೆ ಹಾಯುವ ಕಡೆಯಲ್ಲೆಲ್ಲ ಒಂದೇ ಜಾಗದ ಎರಡು ಚಿತ್ರಗಳಿವೆ. ಒಂದರಲ್ಲಿ ಕೆಟ್ಟಿದ್ದು ಇನ್ನೊಂದರಲ್ಲಿ ಸರಿ ಇರಬಹುದು. ನಿಜವಾದ ಚಿತ್ರ ಕೈಯಲ್ಲೇ ಇರುವಾಗ ಸುಮ್ನೆ ಹೊಸದನ್ನು ಯಾಕೆ ಸೃಷ್ಟಿಸಬೇಕು?

ಹಾಗಾಗಿ ಹ್ಯೂಗಿನ್ ಎಂಬ ಪನೋರಮಾ ಜೋಡಿಸುವ ತಂತ್ರಾಂಶದಲ್ಲಿ ಜೋಡಿಸುವಾಗ ಸಿದ್ಧ ಪನೋರಮಾ ಜೊತೆಗೆ ಒಂದೊಂದು ಫೋಟೋವನ್ನೂ ಬೇರೆ ಟಿಫ್ ಫೈಲ್ ಆಗಿ ತೆಗೆದಿಟ್ಟುಕೊಳ್ಳುತ್ತೇನೆ. ಇವು ಆಗಲೇ ಪನೋರಮಾಕ್ಕೆ ತಕ್ಕಂತೆ ಬಾಗಿರುತ್ತವೆ. ಕ್ರಾಪ್ ಮಾಡದೆ ಉಳಿಸಿದರೆ ಎಲ್ಲವೂ ಒಂದೇ ಅಳತೆ, ಫೋಟೋಶಾಪ್‌ನಂಥ ತಂತ್ರಾಂಶದಲ್ಲಿ ಒಂದರ ಮೇಲೊಂದು ಪದರವಾಗಿ, ಅಂದರೆ ಲೇಯರ್ ಆಗಿ ಹಾಕಿದ ಕೂಡಲೇ ಸರಿಯಾದ ಜಾಗದಲ್ಲಿ ಕೂರುತ್ತವೆ. ಇಂಥದ್ದೇ ಇನ್ನೊಂದು ತಂತ್ರಾಂಶ ಪಿಟಿಗುಯಿ ಬಳಸುವವರಿಗೆ ಲೇಯರ್‌ಗಳ ಸಮೇತ ಒಂದೇ ಫೈಲ್ ಸಿಗುತ್ತದೆ.

ನಡೆದು ಹೋಗುತ್ತಿದ್ದವರೊಬ್ಬರು ಗೆರೆಯ ಮೇಲೆ ಅರ್ಧ ಮಾತ್ರ ಉಳಿದಿದ್ದಾರೆ ಅಂದುಕೊಳ್ಳಿ. ಅವರು ಪೂರ್ತಿ ಇರುವ, ಅಥವಾ ಇಲ್ಲವೇ ಇಲ್ಲದ ಫೋಟೋದ ಲೇಯರ್ ಅನ್ನು ಮೇಲಿಟ್ಟು, ಅದಕ್ಕೆ ಕಪ್ಪು ಮಾಸ್ಕ್ ಹಾಕಿ, ಬೇಕಾದಷ್ಟೇ ಜಾಗದಲ್ಲಿ ಬಿಳಿ ಬ್ರಷ್ ಆಡಿಸುತ್ತೇನೆ. ಮಾಸ್ಕ್ ಕಪ್ಪಿರುವ ಕಡೆ ಲೇಯರ್ ಮರೆಯಾಗುತ್ತದೆ, ಬಿಳಿ ಇರುವ ಕಡೆ ಕಾಣುತ್ತದೆ. ಇಲ್ಲಿ ಒಂದು ತೊಡಕಿದೆ. ಹ್ಯೂಗಿನ್ ಜೊತೆ ಬರುವ, ಫೋಟೋಗಳನ್ನು ಬೆಸೆಯುವ ಎನ್‌ಬ್ಲೆಂಡ್, ಬರ್ಟ್ ಮತ್ತು ಅಡೆಲ್ಸನ್ 1983ರಲ್ಲಿ ಪ್ರಕಟಿಸಿದ ವಿಧಾನವನ್ನು ಅನುಸರಿಸುತ್ತದೆ. ಸಣ್ಣ ವಿವರಗಳನ್ನು ಕಿರಿದಾದ ಪಟ್ಟಿಯಲ್ಲಿ ಬೆಸೆಯುತ್ತದೆ, ಬೆಳಕಿನ ದೊಡ್ಡ ಏರಿಳಿತಗಳನ್ನು ಅಗಲಕ್ಕೆ ಹರಡುತ್ತದೆ. ಆದ್ದರಿಂದ ಸಿದ್ಧ ಪನೋರಮಾದ ಬಣ್ಣಕ್ಕೂ ಬಿಡಿ ಲೇಯರ್‌ನ ಬಣ್ಣಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಆ ಲೇಯರ್‌ಗೆ ಮಾತ್ರ ಕರ್ವ್ಸ್ (ಬೆಳಕು, ಬಣ್ಣ ಹೊಂದಿಸುವ ಸಾಧನ) ಹಾಕಿ ಸರಿದೂಗಿಸಬೇಕು. ಮಾಸ್ಕ್‌ನ ಅಂಚನ್ನು ಬಯಲಾದ ಗೋಡೆಯ ನಡುವೆ ಹಾಯಿಸುವುದಿಲ್ಲ. ಕಂಬ, ಕಿಟಕಿಯ ಚೌಕಟ್ಟು, ಗಿಡದ ಎಲೆ, ಹೀಗೆ ಕಣ್ಣು ಆಗಲೇ ಒಂದು ಅಂಚನ್ನು ನೋಡುವ ಕಡೆ ಹಾಯಿಸಿದರೆ ವ್ಯತ್ಯಾಸ ಅಡಗುತ್ತದೆ.

ಹತ್ತಿರದ ಕಂಬಿಬೇಲಿ ಮುರಿದಂತೆ ಕಂಡರೆ ಅದು ಪ್ಯಾರಲ್ಯಾಕ್ಸ್, ಅಂದರೆ ನೋಡುವ ಜಾಗ ಬದಲಾದಾಗ ಹತ್ತಿರದ ವಸ್ತು ಹಿನ್ನೆಲೆಯ ಎದುರು ಸರಿದಂತೆ ಕಾಣುವುದು. ತೆಗೆಯುವಾಗ ಕ್ಯಾಮೆರಾ ಸರಿಯಾದ ಬಿಂದುವಿನ ಸುತ್ತ ತಿರುಗಿರುವುದಿಲ್ಲ. ಇದಕ್ಕೆ ಮಾಸ್ಕ್ ಒಂದೇ ಸಾಲದು. ಆ ಕಂಬಿಯ ಉದ್ದನೆಯ ತುಂಡನ್ನು ಬೇರೆ ಲೇಯರ್‌ಗೆ ಎತ್ತಿ, ದೂರದ ತುದಿಯನ್ನು ಅಲ್ಲೇ ಬಿಟ್ಟು, ಮುರಿದ ತುದಿಯನ್ನಷ್ಟೇ ಚಿತ್ರವನ್ನು ಬಾಗಿಸುವ ವಾರ್ಪ್ ಸಾಧನದಲ್ಲಿ ಎಳೆದು ಕೂಡಿಸುತ್ತೇನೆ. ಬಾಗು ಉದ್ದಕ್ಕೆ ಹರಡಿದರೆ ಗೊತ್ತೇ ಆಗುವುದಿಲ್ಲ.

ಆಕಾಶವನ್ನು 16 ಬಿಟ್‌ನಲ್ಲೇ, ಅಂದರೆ ಬಣ್ಣದ ಮೆಟ್ಟಿಲುಗಳು ಹೆಚ್ಚಿರುವ ಫೈಲ್‌ನಲ್ಲೇ ತಿದ್ದಬೇಕು, ಇಲ್ಲದಿದ್ದರೆ ಪಟ್ಟೆಗಳು ಏಳುತ್ತವೆ. ಎಲ್ಲದರ ಮೇಲೆ ತುಂಬಾ ಕಡಿದಾದ ಕರ್ವ್ಸ್ ಲೇಯರ್ ಒಂದನ್ನು ತಾತ್ಕಾಲಿಕವಾಗಿ ಹಾಕುತ್ತೇನೆ. ಆಗ ಲೆನ್ಸ್ ಅಂಚಿನ ಕಪ್ಪು ಉಳಿದಿರುವ ಕಡೆ ಎದ್ದು ಕಾಣುತ್ತದೆ. ದೊಡ್ಡ ಮೆತ್ತನೆ ಬ್ರಷ್‌ನಿಂದ ಅಷ್ಟನ್ನೇ ಬೆಳಗಿಸಿ, ಆಮೇಲೆ ಆ ಲೇಯರ್ ಅಳಿಸುತ್ತೇನೆ. ನಕಲಿಸಿದ್ದನ್ನು ಸುತ್ತಲಿನ ಬಣ್ಣಕ್ಕೆ ಬೆರೆಸುವ ಹೀಲಿಂಗ್ ಬ್ರಷ್ ಆಕಾಶದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕಟ್ಟಡದ ಅಂಚಿನ ಹತ್ತಿರ ಅದರ ಕಪ್ಪನ್ನೂ ಎಳೆದು ತಂದು ಬಳಿಯುತ್ತದೆ. ಅಲ್ಲಿ ಮಾತ್ರ ಸೆಲೆಕ್ಷನ್ ಹಾಕಿಕೊಂಡು ಕ್ಲೋನ್ ಮಾಡುತ್ತೇನೆ.

ಪೂರ್ತಿ 360 ಡಿಗ್ರಿಯ ಚಿತ್ರ, ಅಂದರೆ ಅಗಲ ಎತ್ತರದ ಎರಡರಷ್ಟು ಇರುವಂಥದ್ದಾದರೆ, ಎಡ ಬಲ ಅಂಚುಗಳು ಕೂಡುವ ಗೆರೆಯೂ ಇರುತ್ತದೆ. ಚಿತ್ರವನ್ನು ಪಕ್ಕಕ್ಕೆ ಸರಿಸುವ ಆಫ್‌ಸೆಟ್ ಫಿಲ್ಟರ್‌ನಲ್ಲಿ ಅರ್ಧ ಅಗಲ ಕೊಟ್ಟು, ಸುತ್ತಿ ಬರುವ ಆಯ್ಕೆ ಇಟ್ಟರೆ ಅದು ನಡುವಿಗೆ ಬರುತ್ತದೆ. ತಿದ್ದಿ, ಅಷ್ಟೇ ಮತ್ತೆ ಸರಿಸಿದರೆ ಆಯಿತು.

ಕೆಳಗಿನ ಟ್ರೈಪಾಡ್ ಅಳಿಸುವುದು ನನಗೆ ಅತಿ ಇಷ್ಟದ ಕೆಲಸ. ಅಲ್ಲಿ ನೆಲ ಅಗಲಕ್ಕೆ ಎಳೆದುಹೋಗಿರುತ್ತದೆ, ಅದರ ಮೇಲೇ ಕ್ಲೋನ್ ಮಾಡಿದರೆ 360 ಡಿಗ್ರಿ ಚಿತ್ರ ತಿರುಗಿಸಿ ನೋಡುವ ವ್ಯೂವರ್‌ನಲ್ಲಿ ಸುಳಿಯಂತೆ ಕಾಣುತ್ತದೆ. ಪನೋರಮಾವನ್ನೇ ಹ್ಯೂಗಿನ್‌ಗೆ ಮತ್ತೆ ಕೊಟ್ಟು 90 ಡಿಗ್ರಿ ತಿರುಗಿಸಿ, ನೆಲವನ್ನು ನೇರವಾಗಿ ಕೆಳಗೆ ನೋಡಿದಂತೆ ರೆಕ್ಟಿಲಿನಿಯರ್ (ನೇರ ಗೆರೆಗಳು ನೇರವಾಗಿಯೇ ಉಳಿಯುವ) ಚಿತ್ರವಾಗಿ ತೆಗೆಯುತ್ತೇನೆ. ಆಗ ಟೈಲ್ಸ್ ಸಾಲುಗಳು ನೆಟ್ಟಗೆ ಕಾಣುತ್ತವೆ, ಪಕ್ಕದ ಟೈಲ್ಸ್ ತಂದು ಕೂರಿಸುವುದು ಸುಲಭ. ನಂತರ ಉಲ್ಟಾ ತಿರುಗಿಸಿ ವಾಪಸ್. ಪ್ರತಿ ಸಲ ಬಾಗಿಸಿದಾಗಲೂ ಚಿತ್ರ ಸ್ವಲ್ಪ ಮಂಕಾಗುತ್ತದೆ. ಅದಕ್ಕೇ ತಿದ್ದಿದ ಭಾಗವನ್ನು ಮಾತ್ರ ಮಾಸ್ಕ್ ಹಾಕಿ ಮೂಲದ ಮೇಲೆ ಕೂರಿಸುತ್ತೇನೆ.

ಲೇಯರ್‌ಗಳನ್ನು ಒಟ್ಟುಗೂಡಿಸದೆ ಉಳಿಸುತ್ತೇನೆ. ಫೋಟೋಶಾಪ್‌ನ ಪಿಎಸ್‌ಡಿ ಮಾದರಿಯ ಫೈಲ್ ಒಂದು ಬದಿಗೆ 30,000 ಪಿಕ್ಸೆಲ್‌ವರೆಗೆ ಮಾತ್ರ. ಅದಕ್ಕಿಂತ ಉದ್ದದ್ದಕ್ಕೆ ಅದರ ದೊಡ್ಡ ಫೈಲ್ ಮಾದರಿ ಪಿಎಸ್‌ಬಿ.