ಗಡಿಯಾರ ಬಿಟ್ಟು ತಿಥಿ ಹಿಡಿದ ಕಯಾಕ್

ಕಾರವಾರದ ದೇವಬಾಗದಿಂದ ಮಾಜಾಳಿವರೆಗಿನ ಪಟ್ಟಿಯಲ್ಲಿ ಕಯಾಕ್ (ಹುಟ್ಟು ಹಾಕಿ ಓಡಿಸುವ ಸಣ್ಣ ದೋಣಿ) ಕೊಂಡವರು ಬಹಳ, ಓಡಿಸುವವರು ಕಮ್ಮಿ. ಒಂಬತ್ತಕ್ಕೆ ತಿಂಡಿ, ಹತ್ತಕ್ಕೆ ಕಯಾಕಿಂಗ್ ಎಂದು ಬೋರ್ಡ್ ಹಾಕುತ್ತಾರೆ. ಕಾಳಿ ನದಿಯಲ್ಲಿ ಮೇಲಕ್ಕೆ ಹೋಗುವಾಗ ಸಲೀಸು. ವಾಪಸ್ ಬರುವಾಗ ಪಶ್ಚಿಮದ ಗಾಳಿ ಮುಖಕ್ಕೇ ಹೊಡೆಯುತ್ತದೆ, ಕೆಲವು ದಿನ ಭರ್ತಿಯ (ಉಬ್ಬರದ) ನೀರೂ ಎದುರು ಬರುತ್ತದೆ. ಗೆಸ್ಟುಗಳ ತೋಳು ಸೋತು, ಎಂಜಿನ್ ದೋಣಿ ಹೋಗಿ ಎಳೆದು ತರಬೇಕು. ನಾಲ್ಕಾರು ಸಲ ಹೀಗಾದರೆ ಕಯಾಕ್ ಗಾಳಿಮರದ ಬುಡ ಸೇರಿತೆಂದೇ ಲೆಕ್ಕ. ನಾನು ಎಂಜಿನ್ ದೋಣಿ ಕೊಳ್ಳುವುದಿಲ್ಲ, ಪಂಚಾಂಗ ನೋಡಿ ಟ್ರಿಪ್ಪಿನ ಹೊತ್ತು ಗೊತ್ತುಮಾಡುತ್ತೇನೆ ಎಂದಾಗ 'ಬೆಂಗಳೂರಿನವರು ನಿಮ್ಮ ಏಕಾದಶಿಗೆ ಕಾಯ್ತಾರಾ?' ಎಂದವರೇ ಹೆಚ್ಚು. ಕಾಯುತ್ತಿದ್ದಾರೆ. ಶನಿವಾರಕ್ಕಿಂತ ಬುಧವಾರ ಸೀಟು ಮೊದಲು ತುಂಬಿದ ವಾರಗಳೂ ಇವೆ.

ಲೆಕ್ಕ ಮೀನುಗಾರರದ್ದೇ, ನಾನು ಅದನ್ನು ಬುಕಿಂಗ್ ಶೀಟಿಗೆ ಇಳಿಸಿದೆ, ಅಷ್ಟೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಅಳಿವೆಯಲ್ಲಿ (ನದಿ ಕಡಲು ಸೇರುವಲ್ಲಿ) ಹನ್ನೊಂದು–ಹನ್ನೆರಡರ ಆಸುಪಾಸು ಭರ್ತಿ ತುಂಬುತ್ತದೆ. ಆ ಹೊತ್ತು ದಿನಕ್ಕೆ ಮುಕ್ಕಾಲು ತಾಸಿಗಿಂತ ತುಸು ಹೆಚ್ಚು ಮುಂದಕ್ಕೆ ಜಾರುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕವಲುಗಳ ಒಳಗೆ ಅದೇ ನೀರು ಅರ್ಧ ತಾಸಿನಿಂದ ಒಂದು ತಾಸು ತಡವಾಗಿ ಬರುತ್ತದೆ. ಗಾಳಿಯ ಲೆಕ್ಕ ಇನ್ನೂ ಸುಲಭ: ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಘಟ್ಟದ ಕಡೆಯಿಂದ ತೆಳು ಗಾಳಿ, ಹನ್ನೊಂದು ದಾಟಿದರೆ ಸಮುದ್ರದ ಗಾಳಿ. ಈ ಎರಡನ್ನೂ ಒಟ್ಟಿಗಿಟ್ಟರೆ ಹದಿನೈದು ದಿನದ ಪಕ್ಷ ನಾಲ್ಕು ತುಂಡಾಗುತ್ತದೆ.

ಏಕಾದಶಿಯಿಂದ ತ್ರಯೋದಶಿವರೆಗೆ ಬಂಗಾರದ ದಿನಗಳು. ಎಂಟರಿಂದ ಹತ್ತರೊಳಗೆ ಭರ್ತಿ. ಆರೂವರೆಗೆ ನೀರಿಗಿಳಿದರೆ ಭರ್ತಿ ಮೇಲಕ್ಕೆ ಒಯ್ಯುತ್ತದೆ, ಕವಲಿನೊಳಗೆ ನೀರು ನಿಂತಾಗ ಸುತ್ತಾಡಿ, ಸುಕ್ತಿ (ಇಳಿತ) ಶುರುವಾದೊಡನೆ ತಿರುಗಬೇಕು. ಏಕಾದಶಿ, ದ್ವಾದಶಿಗಳಲ್ಲಿ ಗಾಳಿ ಏಳುವ ಮೊದಲೇ ದಡದಲ್ಲಿರುತ್ತೀರಿ. ತ್ರಯೋದಶಿಯಂದು ನೀರು ಪೂರ್ತಿ ನಿಲ್ಲುವುದನ್ನು ಕಾಯದೆ ಸ್ವಲ್ಪ ಮುಂಚೆಯೇ ಹೊರಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಹಿಂದುಮುಂದಿನ ದಿನ ಹೋಗಿಬರುವ ಟ್ರಿಪ್ ಬೇಡ: ಎಂಟಕ್ಕೆ ಹೊರಟು ಭರ್ತಿಯ ಜೊತೆ ಮೇಲಕ್ಕೆ ಹೋಗಿ ಅಲ್ಲೇ ಮುಗಿಸಿ, ಕಯಾಕ್ ಟ್ರೇಲರಿನಲ್ಲಿ, ಜನ ವ್ಯಾನಿನಲ್ಲಿ ವಾಪಸ್. ಸಪ್ತಮಿಯಿಂದ ದಶಮಿವರೆಗೆ ಇದರ ತಿರುಗುಮುರುಗು: ನಸುಕಿನಲ್ಲೇ ವ್ಯಾನಿನಲ್ಲಿ ಮೇಲಕ್ಕೆ ಒಯ್ದು ಬಿಟ್ಟರೆ, ಸುಕ್ತಿಯೂ ಘಟ್ಟದ ಗಾಳಿಯೂ ಕೆಳಕ್ಕೆ ತರುತ್ತವೆ. ನೀರಿನ ಏರಿಳಿತ ಆಗ ಕಮ್ಮಿ, ಸೆಳೆತವೂ ಕಮ್ಮಿ, ಮಕ್ಕಳಿರುವ ಕುಟುಂಬಗಳಿಗೆ ಇದೇ ಹದ.

ಉಳಿದದ್ದು ಬಿದಿಗೆಯಿಂದ ಷಷ್ಠಿ, ತಲೆನೋವಿನ ದಿನಗಳು. ಬೆಳಿಗ್ಗೆ ಏಳರಿಂದ ಹತ್ತರ ನಡುವೆ ನೀರು ಪೂರ್ತಿ ಇಳಿದಿರುತ್ತದೆ. ಕವಲುಗಳಲ್ಲಿ ಕೆಸರು ಮೇಲೆದ್ದು ಕಯಾಕ್ ಹೂತು ನಿಲ್ಲುತ್ತದೆ. ಇಳಿದು ತಳ್ಳಲು ಹೋದರೆ ಮೊಣಕಾಲವರೆಗೆ ರಾಡಿ, ಅಡಿಯಲ್ಲಿ ಬ್ಲೇಡಿನಂಥ ಸಿಂಪಿ. ಅದರ ಗಾಯ ಬೇಗ ಕೀವಾಗುತ್ತದೆ, ಆದ್ದರಿಂದ ಹವಾಯಿ ಚಪ್ಪಲಿ, ಬರಿಗಾಲು ಎರಡೂ ನಿಷಿದ್ಧ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಶೂ ಕಡ್ಡಾಯ. ಈ ದಿನಗಳ ಬೆಳಿಗ್ಗೆ ಟ್ರಿಪ್ ಮಾರುವುದನ್ನೇ ನಿಲ್ಲಿಸಿ ದಂಡೆಯ ನಡಿಗೆ ಇಟ್ಟಿದ್ದೇನೆ. ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ದೂರದಿಂದ ನೋಡಬಹುದು, ಕೆಸರುಮೀನು, ಒಂದೇ ದೊಡ್ಡ ಕೊಂಡಿಯ ಏಡಿ, ಅದೃಷ್ಟವಿದ್ದರೆ ನೀರುನಾಯಿಯ ಹೆಜ್ಜೆ. ಪಂಚಮಿ, ಷಷ್ಠಿಗೆ ಸಂಜೆ ನಾಲ್ಕೂವರೆಯ ಮೇಲೆ ಕಿರಿದಾದ ಕವಲಿನೊಳಗೆ ಚಿಕ್ಕ ಸುತ್ತು ಸಾಧ್ಯ, ಕಾಂಡ್ಲಾ ಗಾಳಿಯನ್ನು ತಡೆಯುತ್ತದೆ. ಆ ಕವಲಿನ ಬಾಯಿ ಎಲ್ಲಿದೆ ಎಂದು ಬರೆಯುವುದಿಲ್ಲ, ಹುಡುಕಿಕೊಳ್ಳಿ.

ತಿಥಿ ಅಂದಾಜಿಗೆ ಮಾತ್ರ. ನಿಖರ ಹೊತ್ತಿಗೆ ಉಬ್ಬರವಿಳಿತದ ಕೋಷ್ಟಕ ನೋಡಿಯೇ ಸಮಯ ಕೊಡಬೇಕು, ಯಾಕೆಂದರೆ ನಮ್ಮ ಕರಾವಳಿಯಲ್ಲಿ ದಿನದ ಎರಡು ಭರ್ತಿ ಸಮನಾಗಿರುವುದಿಲ್ಲ. ಸೆಳೆತವೂ ಎಲ್ಲ ತಾಸಿನಲ್ಲಿ ಒಂದೇ ಅಲ್ಲ. ಆರು ತಾಸಿನ ಇಳಿತದಲ್ಲಿ ಅರ್ಧದಷ್ಟು ನೀರು ಮೂರನೇ ಮತ್ತು ನಾಲ್ಕನೇ ತಾಸಿನಲ್ಲೇ ಹೋಗುತ್ತದೆ. ಹೊಸಬರು ಇಬ್ಬರು ಹುಟ್ಟು ಹಾಕಿದರೆ ತಾಸಿಗೆ ಮೂರು ಕಿಲೋಮೀಟರ್ ಸಾಗಿದರೆ ಹೆಚ್ಚು, ಆ ಎರಡು ತಾಸಿನ ನೀರು ಎದುರು ಸಿಕ್ಕಿದರೆ ನಿಂತಲ್ಲೇ ನಿಲ್ಲುತ್ತಾರೆ. ಸುಕ್ತಿ ಜೋರಿರುವಾಗ ಅಳಿವೆಯ ಕಡೆ ಸುಳಿಯಲೇಬೇಡಿ, ಹೊರಹೋಗುವ ನೀರಿಗೆ ಕಡಲಿನ ಅಲೆ ಅಪ್ಪಳಿಸಿ ಗೋಡೆಯಾಗಿ ಏಳುತ್ತದೆ. 2024ರ ಆಗಸ್ಟ್‌ನಲ್ಲಿ ಕಾಳಿಯ ಹಳೇ ಸೇತುವೆ ಕುಸಿದ ಮೇಲೆ ಕಂಬಗಳ ಸುತ್ತ ಹೋಗುವ ಆಸೆಯನ್ನೂ ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಮೇಲ್ಗಡೆಯ ಕದ್ರಾ ಅಣೆಕಟ್ಟಿನ ಗೇಟು ಎತ್ತಿದರೆ ತಿಥಿ, ಕೋಷ್ಟಕ ಎಲ್ಲ ಸುಳ್ಳು. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಅಂಗಡಿ ಬಂದ್.

ಈಗ ದುಡ್ಡು. ಮೊದಲು ಫೈಬರ್ ದೋಣಿ ಮಾಡಿಸುವುದು ಅಗ್ಗ ಎನಿಸುತ್ತದೆ, ಹದಿನೈದು–ಹದಿನೆಂಟು ಸಾವಿರಕ್ಕೆ ಆಗುತ್ತದೆ. ಸಿಂಪಿ ಹತ್ತಿದ ಬೇರಿಗೆ ತಾಗಿದರೆ ಜೆಲ್‌ಕೋಟ್ (ಹೊರಮೈ ಲೇಪ) ಸೀಳಿ, ಒಳಗಿನ ನಾರು ನೀರು ಕುಡಿದು ತೂಕ ಏರುತ್ತದೆ. ರೆಸಿನ್ ಪ್ಯಾಚು ಹಾಕುತ್ತಲೇ ಸೀಸನ್ ಮುಗಿಯುತ್ತದೆ. ಗಾಳಿ ತುಂಬುವ ಕಯಾಕ್ ಬಗ್ಗೆ ಹೇಳುವುದೇ ಬೇಡ. ಪಾಲಿಎಥಿಲೀನ್ ಅಚ್ಚಿನ, ಮೇಲೆ ಕೂರುವ ಎರಡು ಸೀಟಿನದ್ದೇ ನಿಂತದ್ದು: ಒಂದಕ್ಕೆ ಮೂವತ್ತೈದು ಸಾವಿರದ ಆಚೀಚೆ, ತೂಕ ಮೂವತ್ತು ಕಿಲೋ ದಾಟುತ್ತದೆ. ಗೀರು ಬಿದ್ದರೆ ಚಿಂತೆಯಿಲ್ಲ. ಆಳ ಸೀಳಿಗೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿ, ಹೀಟ್ ಗನ್ ಸಾಕು. ಎಂ-ಸೀಲ್ ಇದಕ್ಕೆ ಹಿಡಿಯುವುದಿಲ್ಲ. ಬಿಸಿಲಿನಲ್ಲಿ ಬೋರಲು ಹಾಕದೆ ಎರಡು ಕಂಬಿಯ ಮೇಲೆ ನೆಟ್ಟಗೆ ಇಟ್ಟರೆ ಅಡಿ ತಗ್ಗಿ, ನೇರ ಹೋಗುವುದನ್ನೇ ಮರೆಯುತ್ತದೆ. ಅಲ್ಯೂಮಿನಿಯಂ ಹುಟ್ಟಿನ ಜೋಡಣೆ ಉಪ್ಪು ಕಚ್ಚಿ ಕೂರುತ್ತದೆ, ದಿನವೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಗ್ರೀಸ್ ಹಚ್ಚಿದರೆ ಮರಳು ಹಿಡಿದು ಇನ್ನೂ ಕೆಡುತ್ತದೆ. ನಾನು ಹಚ್ಚುವುದು ಬೇರೆ, ಅದು ನನ್ನಲ್ಲೇ ಇರಲಿ.

ನಾಲ್ಕು ಕಯಾಕ್, ಹುಟ್ಟು, ಲೈಫ್ ಜಾಕೆಟ್, ಊರ ವೆಲ್ಡಿಂಗಿನವನ ಟ್ರೇಲರ್ ಎಲ್ಲ ಸೇರಿ ಎರಡೂಕಾಲು ಲಕ್ಷದ ಹತ್ತಿರ. ಎಂಜಿನ್ ದೋಣಿ ತಗೊಂಡಿದ್ದರೆ ಅದೊಂದೇ ಇಷ್ಟು ತಿನ್ನುತ್ತಿತ್ತು, ಮೇಲೆ ಪೆಟ್ರೋಲು. ಅದರ ಬದಲು ಒಬ್ಬ ದೋಣಿಯವನಿಗೆ ಸೀಸನ್ ಪೂರ್ತಿ ಸಣ್ಣ ಮೊತ್ತ ಕೊಟ್ಟು, ಫೋನ್ ಮಾಡಿದರೆ ಬರುವಂತೆ ಗೊತ್ತುಮಾಡಿದ್ದೇನೆ. ತಲೆಗೆ ಏಳುನೂರು ರೂಪಾಯಿ, ವ್ಯಾನ್ ಇರುವ ದಿನ ಒಂಬೈನೂರು. ಎರಡನೇ ಸೀಸನ್ನಿನ ನಡುವೆ ಅಸಲು ಬಂತು. ಜಾಕೆಟ್ಟಿನಲ್ಲಿ ಕಂಜೂಸಿ ಬೇಡ: ಸೀಸನ್ನಿನ ಮೊದಲು ಪ್ರತಿಯೊಂದಕ್ಕೂ ಕಬ್ಬಿಣದ ತೂಕ ಕಟ್ಟಿ ನೀರಿಗೆ ಬಿಡಿ. ಐವತ್ತು ನ್ಯೂಟನ್ (ತೇಲಿಸುವ ಬಲ) ಎಂದು ಬರೆದದ್ದು ಐದು ಕಿಲೋ ಹೊರಬೇಕು, ಮುಳುಗಿದರೆ ಫೋಮ್ ಸತ್ತಿದೆ. ಮುಂದಾಳಿನ ಕಯಾಕಿನಲ್ಲಿ ಹದಿನೈದು ಮೀಟರ್ ತೇಲುವ ಹಗ್ಗ, ಚಾಕು, ಸೀಟಿ, ಒಂದು ಹೆಚ್ಚುವರಿ ಹುಟ್ಟು.

ಕವಲಿಗೆ ಅಡ್ಡ ಬಲೆ ಕಟ್ಟಿದ್ದರೆ ಎತ್ತಿ ನುಸುಳಬೇಡಿ, ತಿರುಗಿ ಬನ್ನಿ. ಬಲೆಯವನ ಸಿಟ್ಟು ಒಮ್ಮೆ ಕಟ್ಟಿಕೊಂಡರೆ ಆ ಕವಲು ಹೋದಂತೆ. ಗೆಸ್ಟುಗಳು ಕೊಂಬೆ ಹಿಡಿದು ಎಳೆಯುವ ಚಟವನ್ನೂ ಮೊದಲೇ ಬಿಡಿಸಬೇಕು, ಎಕ್ಸೊಕೇರಿಯಾ ಎಂಬ ಕಾಂಡ್ಲಾ ಜಾತಿಯ ಮರದ ಹಾಲು ಕಣ್ಣಿಗೆ ಸಿಡಿದರೆ ನೇರ ಆಸ್ಪತ್ರೆ. ಇನ್ನೊಂದು ಕಾಂಡ್ಲಾ ಜಾತಿ ರೈಜೋಫೋರಾದ ಬೇರಿಗೆ ಹುಟ್ಟು ಒರಗಿಸಿ ನಿಲ್ಲುವುದಕ್ಕೆ ಅಭ್ಯಂತರವಿಲ್ಲ.

ಈ ರೈಜೋಫೋರಾದ ತೇಲಿಬಂದ ಕೋಡುಗಳನ್ನು (ಮೊಳೆತ ಉದ್ದ ಬೀಜಗಳನ್ನು) ನೆಡುವ ಪ್ರಯೋಗವೂ ಅರಣ್ಯ ಇಲಾಖೆಯ ಒಪ್ಪಿಗೆಯೊಂದಿಗೆ ನಡೆದಿದೆ. ನಡುಕೆಸರಿನಲ್ಲಿ ನೆಟ್ಟವು ಉಳಿಯುವುದಿಲ್ಲ, ಅಲ್ಲಿ ಹೆಚ್ಚು ಹೊತ್ತು ಮುಳುಗಿದ್ದು ಮೈತುಂಬ ಬಾರ್ನಕಲ್ ಎಂಬ ಚಿಪ್ಪುಜೀವಿ ಹತ್ತಿ ಬಾಗುತ್ತವೆ. ಈಗಾಗಲೇ ಮರಗಳಿರುವ ಮಟ್ಟಕ್ಕೇ, ಕೋಡಿನ ಮೂರನೇ ಒಂದು ಭಾಗ ಹೂಳುವಂತೆ ನೆಟ್ಟವು ನಿಂತಿವೆ. ಮೊದಲ ಜೋಡಿ ಎಲೆ ಬಿಟ್ಟ ಮೇಲೆ ದನ ಬಾರದಂತೆ ದಡದ ಕಡೆ ಬಿದಿರಿನ ಬೇಲಿ ಬೇಕು, ಅದರ ಖರ್ಚು ಟ್ರಿಪ್ಪಿನ ದುಡ್ಡಿನಲ್ಲೇ ಹಿಡಿಯುತ್ತೇನೆ.